ಗೇಟ್ ಬಿದ್ದ ಮೇಲೆ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗೋ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟ್ ಅಂತ ಒಂದಿದೆ. ವಡೆಯ ಮದ್ದೂರಲ್ಲ, ಅದು ಮಂಡ್ಯ ಜಿಲ್ಲೆಯದು. ಇದು ಬಂಡೀಪುರದ ಕಾಡಿನ ಬಾಗಿಲಲ್ಲಿರೋ ಮದ್ದೂರು. ಇಲ್ಲಿ ರಾತ್ರಿ ಒಂಬತ್ತಕ್ಕೆ ಗೇಟ್ ಬಿದ್ದರೆ ಮತ್ತೆ ಏಳೋದು ಬೆಳಿಗ್ಗೆ ಆರಕ್ಕೆ. 2009ರಿಂದ ಹೀಗೇ. ರಾತ್ರಿ ಓಡೋ ಗಾಡಿಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿವೆ ಅಂತ ಜಿಲ್ಲಾಡಳಿತ ಆದೇಶ ಮಾಡಿತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಆಂಬುಲೆನ್ಸ್ ಬಿಡುತ್ತಾರೆ, ಎರಡೂ ರಾಜ್ಯಗಳ ಲೆಕ್ಕ ಮಾಡಿದ ಕೆಲವು ಬಸ್ ಬಿಡುತ್ತಾರೆ. ಮಿಕ್ಕವರು ಎಷ್ಟು ಗೋಗರೆದರೂ ಅಷ್ಟೇ. ಈ ಗೇಟ್ ಬೇಕೋ ಬೇಡವೋ ಅನ್ನೋ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ನನ್ನನ್ನು ಕೇಳಿದರೆ ಇರಲಿ ಅಂತೀನಿ. ಪ್ರಾಣಿಗಳಿಗೋಸ್ಕರ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣವನ್ನೇ ಈಗ ಬರೆಯೋಕೆ ಹೊರಟಿರೋದು.

2023ರ ಆಗಸ್ಟ್. ಓಣಂಗೆ ಇನ್ನೊಂದು ವಾರ ಇತ್ತು. ಆ ಹೊತ್ತಿಗೆ ನಮ್ಮ ತಾಲ್ಲೂಕನ್ನು ನೋಡಬೇಕು ನೀವು. ರಸ್ತೆಯ ಎರಡೂ ಕಡೆ ಚೆಂಡುಹೂ, ಸೂರ್ಯಕಾಂತಿ. ಕೇರಳದಿಂದ ಕಾರು ಮಾಡಿಕೊಂಡು ಬಂದು ಹೊಲದೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಲೆಲ್ಲ ಹೂ ತುಳೀತಾರೆ ಅಂತ ಬೈಯುತ್ತಿದ್ದ ನಮ್ಮ ರೈತರು ಈಗ ಬದುವಿನ ಮೇಲೆ ಕೂತು ಫೋಟೋಗಿಷ್ಟು ಅಂತ ಕಾಸು ತಗೊಳ್ಳುತ್ತಾರೆ. ಬುದ್ಧಿವಂತರಾದರು ಅಂತ ನನಗೆ ಖುಷಿ. ತರಕಾರಿಗೂ ಅದೇ ಹೊತ್ತಿನಲ್ಲಿ ಗಿರಾಕಿ. ನನ್ನ ಗೆಳೆಯನದೊಂದು ಬೊಲೆರೊ ಪಿಕಪ್ ಇದೆ. ಗುಂಡ್ಲುಪೇಟೆಯಿಂದ ಬತ್ತೇರಿಗೆ ತರಕಾರಿ ಹೊಡೆಯೋದು ಅವನ ಕಸುಬು. ಅವತ್ತು ಸಣ್ಣ ಈರುಳ್ಳಿ ತುಂಬಿಸೋದು ತಡವಾಯಿತು. ತೂಕದ ಹತ್ತಿರ ಏನೋ ತಕರಾರು, ಆಮೇಲೆ ಮಳೆ. ನಾವು ಗೇಟ್ ಮುಟ್ಟಿದಾಗ ಒಂಬತ್ತು ಗಂಟೆ ಏಳು ನಿಮಿಷ.

"ಬಿತ್ತು ಕನ ಗೇಟು" ಅಂತ ಇಂಜಿನ್ ಆಫ್ ಮಾಡಿ ಸೀಟಿಗೆ ಒರಗಿದ. ಇನ್ನು ಒಂಬತ್ತು ಗಂಟೆ ಹೊತ್ತು ನಾವಿಬ್ಬರೂ ಆ ಕ್ಯಾಬಿನ್ನಿನಲ್ಲೇ.

ಅವನ ಹೆಸರು ಬರೆಯಲ್ಲ. ಬರೆದರೆ ಇನ್ನು ಗಾಡಿ ಹತ್ತಿಸಲ್ಲ ಅಂದಿದ್ದಾನೆ. ಹೈಸ್ಕೂಲಿನ ಮೂರು ವರ್ಷ ಒಂದೇ ಬೆಂಚು ನಮ್ಮದು. ಪಿಯುಸಿಗೆ ಇಬ್ಬರೂ ಚಾಮರಾಜನಗರಕ್ಕೆ ಹೋದೆವು. ತೆರಕಣಾಂಬಿ ಮೇಲೆ ಹೋಗೋ ಬಸ್ಸು, ಬೆಳಿಗ್ಗೆ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಅವನು ಮೊದಲೇ ಹತ್ತಿ ನನಗೂ ಸೀಟ್ ಹಿಡಿಯುತ್ತಿದ್ದ. ಗಣಿತದಲ್ಲಿ ನನಗಿಂತ ಚುರುಕು. ಇಂಟಿಗ್ರೇಷನ್ ಅನ್ನು ಅವನು ನನಗೆ ಹೇಳಿಕೊಟ್ಟಿದ್ದು ಚಾಮರಾಜೇಶ್ವರ ದೇವಸ್ಥಾನದ ಮುಂದಿನ ಪಾರ್ಕಿನಲ್ಲಿ. ಪಿಯುಸಿ ಮುಗಿಯೋ ಹೊತ್ತಿಗೆ ಅವನಪ್ಪ ತೀರಿಕೊಂಡರು. ನಾನು ಮೈಸೂರಿಗೆ ಬಿಇ ಮಾಡೋಕೆ ಹೋದೆ, ಅವನು ಒಬ್ಬರ ಲಾರಿಯಲ್ಲಿ ಕ್ಲೀನರ್ ಆದ. ಇಷ್ಟು ಸಲೀಸಾಗಿ ಒಂದು ಸಾಲಿನಲ್ಲಿ ಬರೆದುಬಿಟ್ಟೆ ನೋಡಿ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮದು ಊರ ಮೇಲಿನ ಬೀದಿ, ಲಿಂಗ ಕಟ್ಟೋ ಮನೆ. ಅವನದು ಕೆಳಗಿನ ಬೀದಿ. ಹೈಸ್ಕೂಲಿನಲ್ಲಿರುವಾಗ ಅವನು ನಮ್ಮ ಮನೆಗೆ ಬಂದರೆ ಜಗಲಿಯಲ್ಲಿ ಕೂರುತ್ತಿದ್ದ. ನಮ್ಮಜ್ಜಿ ಅವನಿಗೆ ಕಾಫಿ ಕೊಡುತ್ತಿದ್ದರು, ಬಿಸ್ಕತ್ತೂ ಕೊಡುತ್ತಿದ್ದರು, 'ಚೆನ್ನಾಗಿ ಓದಪ್ಪ' ಅಂತಾನೂ ಅನ್ನುತ್ತಿದ್ದರು. ಕಾಫಿ ಲೋಟ ಮಾತ್ರ ಒಳಗಿನಿಂದ ಬರುತ್ತಿರಲಿಲ್ಲ. ಸೂರಿನ ಹೆಂಚಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿದ್ದರು. ಅವನೇ ಕೈ ಚಾಚಿ ತೆಗೆದು, ಕುಡಿದು, ತೊಳೆದು, ಮತ್ತೆ ಅಲ್ಲೇ ಇಡುತ್ತಿದ್ದ. ನಾನು ಪಕ್ಕದಲ್ಲಿ ಸ್ಟೀಲ್ ಲೋಟ ಹಿಡಿದು ಕೂತಿರುತ್ತಿದ್ದೆ. ನಾನೇನೂ ಅನ್ನಲಿಲ್ಲ. ಅವನೂ ಅನ್ನಲಿಲ್ಲ. ಅಜ್ಜಿ ಹೋಗಿ ಹನ್ನೆರಡು ವರ್ಷವಾಯಿತು, ಹೆಂಚು ಹೋಗಿ ಆರ್‌ಸಿಸಿ ಬಂತು. ಆ ಲೋಟದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಈಗ ಆಗಸ್ಟಿಗೆ ಬರೋಣ.

ನನ್ನ ಕೆಲಸ ಮಾರ್ಚಿನಲ್ಲೇ ಹೋಗಿತ್ತು. ಅರ್ಧ ಗಂಟೆಯ ಮೀಟಿಂಗ್ ಅಂತ ಕ್ಯಾಲೆಂಡರಿನಲ್ಲಿ ಬಂತು, ಹತ್ತೇ ನಿಮಿಷಕ್ಕೆ ಮುಗಿಯಿತು. ಆ ವರ್ಷ ಎಷ್ಟೋ ಜನರಿಗೆ ಆದದ್ದೇ ನನಗೂ ಆಯಿತು, ಅದರಲ್ಲಿ ವಿಶೇಷ ಏನೂ ಇಲ್ಲ. ವಿಶೇಷ ಏನಪ್ಪಾ ಅಂದರೆ ನಾನು ಯಾರಿಗೂ ಹೇಳಲಿಲ್ಲ. ಅಪ್ಪ ಊರಲ್ಲಿ ಬೋರ್‌ವೆಲ್ ಕೊರೆಸಿದ ಸಾಲದ ಕಂತು ನಾನೇ ಕಟ್ಟುತ್ತಿದ್ದೆ, ಉಳಿತಾಯದಿಂದ ಕಟ್ಟುತ್ತಾ ಹೋದೆ. ಬೆಂಗಳೂರಿನ ರೂಮಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಶರ್ಟ್ ಹಾಕಿ, ಲ್ಯಾಪ್‌ಟಾಪ್ ತೆಗೆದು ಕೂರುತ್ತಿದ್ದೆ. ರೂಮ್‌ಮೇಟಿಗೂ ಗೊತ್ತಾಗಬಾರದಲ್ಲ! ಅರ್ಜಿ ಹಾಕೋದು, ಉತ್ತರ ಬರದೇ ಇರೋದು, ಮತ್ತೆ ಹಾಕೋದು. ರಾತ್ರಿ ನಿದ್ದೆ ಇಲ್ಲ. ಧ್ಯಾನದ ಆಪ್ ಹಾಕಿಕೊಂಡೆ. ನಲವತ್ತೊಂದು ದಿನ ಬಿಡದೆ ಮಾಡಿದೆ, ಆಪ್ ನನಗೊಂದು ಬ್ಯಾಡ್ಜ್ ಕೊಟ್ಟಿತು. ಉಸಿರನ್ನು ಗಮನಿಸಿ ಅಂತ ಒಬ್ಬಳು ಇಂಗ್ಲಿಷಿನಲ್ಲಿ ಹೇಳುವಾಗ ನಾನು ಬ್ಯಾಂಕಿನ ಬ್ಯಾಲೆನ್ಸ್ ಗಮನಿಸುತ್ತಿದ್ದೆ. ಧ್ಯಾನವನ್ನು ಹಂಗಿಸುತ್ತಿಲ್ಲ, ಅದರಿಂದ ಆರಾಮಾದವರು ನನಗೆ ಗೊತ್ತು. ಆದರೆ ಸುಳ್ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಮುಚ್ಚಿದರೆ ಎದುರಿಗೆ ಕಾಣೋದೂ ಅದೇ.

ಆಗಸ್ಟಿನಲ್ಲಿ 'ವರ್ಕ್ ಫ್ರಂ ಹೋಮ್ ಕೊಟ್ಟಿದ್ದಾರೆ' ಅಂತ ಊರಿಗೆ ಬಂದೆ. ಬಾಡಿಗೆ ಉಳಿಯಲಿ ಅನ್ನೋದು ನಿಜವಾದ ಕಾರಣ. ಮಾಳಿಗೆ ಮೇಲೆ ಕೂತು ಖಾಲಿ ಸ್ಕ್ರೀನ್ ನೋಡುತ್ತಿದ್ದೆ. ಕೆಳಗೆ ಅಪ್ಪ ಬಂದವರಿಗೆಲ್ಲ, 'ಸದ್ದು ಮಾಡಬ್ಯಾಡಿ, ಮೇಲೆ ಹುಡುಗನಿಗೆ ಅಮೇರಿಕಾದವರ ಮೀಟಿಂಗ್ ನಡೀತಾ ಅದ' ಅನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗೆ ಆಗುತ್ತಿತ್ತು. ಮೂರನೇ ವಾರಕ್ಕೆ ತಡೆಯಲಾರದೆ, ಸುಮ್ಮನೆ ಬತ್ತೀನಿ ಅಂತ ಅವನ ಪಿಕಪ್ ಹತ್ತಿದ್ದೆ.

ಗೇಟಿನ ಮುಂದೆ ನಮ್ಮ ಹಿಂದೆ ಒಂದೊಂದೇ ಲಾರಿ ಬಂದು ನಿಂತಿತು. ಬೈಯೋರು ಬೈದರು, ಆಮೇಲೆ ಎಲ್ಲರೂ ತಣ್ಣಗಾದರು. ಒಬ್ಬ ಡ್ರೈವರ್ ಲಾರಿಯ ಪಕ್ಕ ಸ್ಟೋವ್ ಹಚ್ಚಿ ಅನ್ನಕ್ಕಿಟ್ಟ. ಮಳೆ ನಿಂತಿತ್ತು, ಮರದ ಹನಿ ಕ್ಯಾಬಿನ್ ಮೇಲೆ ಟಪ್ ಟಪ್ ಅನ್ನುತ್ತಿತ್ತು. ಈರುಳ್ಳಿ ವಾಸನೆ. ಗೆಳೆಯ ಸೀಟಿನ ಹಿಂದಿನಿಂದ ಊಟದ ಡಬ್ಬಿ ತೆಗೆದ. ಅವನವ್ವ ಕಟ್ಟಿ ಕೊಟ್ಟಿದ್ದ ಅನ್ನ, ಹುರುಳಿ ಬಸ್ಸಾರು, ಒಂದು ಹಸಿಮೆಣಸಿನಕಾಯಿ. ಮುಚ್ಚಳಕ್ಕೆ ಅರ್ಧ ಬಗ್ಗಿಸಿ ನನ್ನ ಕಡೆ ತಳ್ಳಿದ.

"ನಂಗೆ ಹಸಿವಿಲ್ಲ ಮಗಾ, ನೀನು ತಿನ್ನು" ಅಂದೆ.

ಅವನು ಕೈ ತೊಳೆಯೋಕೆ ಬಾಟಲಿ ಎತ್ತಿದ್ದವನು ಹಾಗೇ ನಿಲ್ಲಿಸಿದ. ನಕ್ಕ. "ಇಪ್ಪತ್ತು ವರ್ಸದಿಂದ ನಿಂಗ ಹಸಿವೇ ಆಗಿಲ್ಲ ಅಲ್ವೇನ್ಲಾ?"

ಏನು ಅಂದೆ.

"ನಮ್ಮನ ತಾವ್ಕ ಬಂದಾಗೆಲ್ಲ ನಿಂಗ ಹಸಿವಿಲ್ಲ. ಈಗ ತಾನೇ ಉಂಡ್ಕ ಬಂದಿ ಅಂತೀಯ. ನಮ್ಮವ್ವ ಒಂದು ದಿನಕ್ಕಾದ್ರೂ ನಿನ್ ಕೈಗ ಒಂದ್ ಲೋಟ ನೀರು ಕೊಟ್ಟವಳಾ? ಬೆಂಗ್ಳೂರಲ್ಲಿ ಬಿರಿಯಾನಿ ತಿಂತೀಯ, ಫೋಟೋ ಹಾಕ್ತೀಯ, ನಾನೇ ಲೈಕ್ ಒತ್ತೀನಿ."

ಕೋಪದಲ್ಲಿ ಹೇಳಿದ್ದರೆ ಎದುರು ಮಾತಾಡಬಹುದಿತ್ತು. ಈರುಳ್ಳಿ ಮೂಟೆ ಎಣಿಸಿದಷ್ಟು ನಿಧಾನವಾಗಿ ಹೇಳಿದ. ನಮ್ಮ ಮನೆಯಲ್ಲಿ ಮಾಂಸ ಮುಟ್ಟಲ್ಲ ಅನ್ನೋದು ನನ್ನ ಹತ್ತಿರ ಯಾವಾಗಲೂ ತಯಾರಿದ್ದ ಕಾರಣ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಬಿರಿಯಾನಿಯನ್ನು ಮೊದಲೇ ತಂದ. ಅಷ್ಟಕ್ಕೂ ಡಬ್ಬಿಯಲ್ಲಿ ಇದ್ದದ್ದು ಹುರುಳಿಕಾಳು. ಅಜ್ಜಿ ಲೋಟವನ್ನು ಸೂರಿನಲ್ಲಿ ಇಟ್ಟರು. ನಾನು ಅದನ್ನು ನಾಲಿಗೆಯಲ್ಲಿ ಇಟ್ಟುಕೊಂಡು ಇಪ್ಪತ್ತು ವರ್ಷ ಓಡಾಡಿದ್ದೆ. ಬೆಂಗಳೂರಿನಲ್ಲಿ ಇಂಥ ವಿಷಯ ಬಂದರೆ ಎಲ್ಲರಿಗಿಂತ ಜೋರಾಗಿ ಮಾತಾಡೋನೂ ನಾನೇ.

ಮುಚ್ಚಳ ಎತ್ತಿಕೊಂಡೆ. ತಿಂದೆ. ಬಸ್ಸಾರು ತಣ್ಣಗಾಗಿತ್ತು, ಖಾರ ಜಾಸ್ತಿ, ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂತು ಅಂತ ಅವನೂ ಒಪ್ಪಿಕೊಂಡ.

ಉಂಡಾದ ಮೇಲೆ ಬೀಡಿ ಹಚ್ಚಿ ಕೇಳಿದ. "ಈಗ ನಿಂದು ಹೇಳು. ಕೆಲ್ಸ ಹೋಗಿ ಎಷ್ಟು ದಿನ ಆಯ್ತು?"

ನನಗೆ ಉಸಿರೇ ನಿಂತ ಹಾಗಾಯಿತು. ನಿನಗೆ ಯಾರು ಹೇಳಿದ್ದು ಅಂದೆ.

"ಯಾರ್ ಹೇಳ್ಬೇಕು? ಮುಂಚೆ ಫೋನ್ ಮಾಡುದ್ರ ಮೀಟಿಂಗು ಮೀಟಿಂಗು ಅಂತ ಕಟ್ ಮಾಡಂವ. ಈಗ ನಾ ಕರ್ದಾಗೆಲ್ಲ ಬತ್ತೀಯ. ಈರುಳ್ಳಿ ಲೋಡ್ ಮಾಡೋದ ಕುಂತ್ಕ ಮೂರ್ ಗಂಟ ನೋಡ್ತೀಯ. ಯಾವ್ ಕಂಪ್ನಿಲ್ಲಪ್ಪ ಅಂತ ಕೆಲ್ಸ?"

ಎಲ್ಲ ಹೇಳಿದೆ. ಮಾರ್ಚಿನಿಂದ ಹಿಡಿದು ಬ್ಯಾಲೆನ್ಸ್ ಎಷ್ಟಿದೆ ಅನ್ನೋವರೆಗೆ. ಕೆರೆಯ ಏರಿ ಮೇಲೆ ನಡೆಯುವಾಗ ಒಂದೆರಡು ಸಲ ಬಂದ ಯೋಚನೆಯನ್ನೂ ಹೇಳಿದೆ. ಅದನ್ನು ಕೇಳಿದಾಗ ಮಾತ್ರ ಬೀಡಿ ಎಸೆದು ನನ್ನ ಕಡೆ ಪೂರ್ತಿ ತಿರುಗಿ ಕೂತ. ಬುದ್ಧಿ ಹೇಳಲಿಲ್ಲ. 'ಎಲ್ಲ ಸರಿ ಹೋಗುತ್ತೆ' ಅನ್ನಲಿಲ್ಲ, ಅದನ್ನು ಅವನು ಯಾರಿಗೂ ಅನ್ನಲ್ಲ. ಅಪ್ಪ ಸತ್ತ ವರ್ಷ ತಾನು ಲಾರಿಯ ಕೆಳಗೆ ಮಲಗಿ ಏನೇನು ಯೋಚಿಸಿದ್ದೆ ಅಂತ ಹೇಳಿದ. ಆಗ ನಾನು ಮೈಸೂರಿನಲ್ಲಿ ಮೊದಲ ಸೆಮಿಸ್ಟರಿನಲ್ಲಿದ್ದೆ. ನನಗೆ ಫೋನ್ ಮಾಡೋಣ ಅಂತ ಕಾಯಿನ್ ಬೂತಿನ ತನಕ ಹೋಗಿ ವಾಪಸ್ ಬಂದಿದ್ದನಂತೆ. "ನೀ ಓದ್ತಾ ಇದ್ದಿಯಲ್ಲ, ಯಾಕ ಅಂತ ಬುಟ್ಟಿ."

ರಾತ್ರಿ ಎಷ್ಟೊತ್ತಿನಲ್ಲೋ ಒಂದು ಆಂಬುಲೆನ್ಸ್ ಬಂತು, ಗೇಟ್ ಎತ್ತಿ ಬಿಟ್ಟರು. ಅದರ ಕೆಂಪು ದೀಪ ಕಾಡಿನೊಳಗೆ ತುಂಬಾ ದೂರದವರೆಗೆ ಕಾಣಿಸಿತು. ಅದಾದ ಮೇಲೆ ನನಗೆ ನೆನಪಿಲ್ಲ. ನಿದ್ದೆ ಹೋಗಿದ್ದೆ, ಕೂತಲ್ಲೇ, ಕುತ್ತಿಗೆ ಸೊಟ್ಟಗೆ ಮಾಡಿಕೊಂಡು. ಐದು ತಿಂಗಳಾದ ಮೇಲೆ ಮೊದಲ ಸಲ ಅಂಥ ನಿದ್ದೆ. ಆರು ಗಂಟೆಗೆ ಹಿಂದಿನ ಲಾರಿಯವನು ಹಾರ್ನ್ ಹೊಡೆದಾಗಲೇ ಎಚ್ಚರ.

ನವವಿಧ ಭಕ್ತಿ ಅಂತ ಒಂಬತ್ತರ ಪಟ್ಟಿ ನಿಮಗೂ ಗೊತ್ತಿರಬಹುದು. ಶ್ರವಣ, ಕೀರ್ತನ ಅಂತ ಶುರುವಾಗಿ ಎಂಟನೆಯದು ಸಖ್ಯ, ಕೊನೆಯದು ಆತ್ಮನಿವೇದನ. ಅಂದರೆ ಮೊದಲು ಗೆಳೆಯನಾಗಬೇಕು, ಆಮೇಲೆ ಎಲ್ಲ ಒಪ್ಪಿಸೋದು. ದೇವರ ವಿಷಯದಲ್ಲಿ ಏಳು ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗೋರು ಹೋಗಲಿ. ನನಗೆ ಎಂಟೂ ಒಂಬತ್ತೂ ಮದ್ದೂರು ಗೇಟಿನಲ್ಲಿ, ಈರುಳ್ಳಿ ಗಾಡಿಯಲ್ಲಿ, ಒಂದೇ ರಾತ್ರಿ ಆಗಿಹೋದವು. ಅದೂ ಎಂಟನ್ನು ನಾನು ಇಪ್ಪತ್ತು ವರ್ಷ ಬಾಕಿ ಇಟ್ಟುಕೊಂಡಿದ್ದೆ.

ಮಾರನೇ ದಿನ ಬತ್ತೇರಿಯಲ್ಲಿ ಮೂಟೆ ಇಳಿಸಿ ವಾಪಸ್ ಬರುವಾಗಲೇ ಅವನು ತೀರ್ಮಾನ ಮಾಡಿದ್ದ. ಸಂಜೆ ನಮ್ಮ ಮನೆಗೆ ಬಂದು ಜಗಲಿ ಮೇಲೆ ಕೂತ. ಹೇಳು ಅಂತ ಕಣ್ಣಲ್ಲೇ ಅಂದ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹೇಳಿದೆ. ಅಪ್ಪ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದರು.

"ಅಷ್ಟೇಯಾ?" ಅಂದರು. "ನಾ ಇನ್ನೇನೋ ಅಂದ್ಕಂಡಿದ್ದಿ ಕನಪ್ಪ. ರಾತ್ರಿಯೆಲ್ಲ ಮಾಳಿಗ ಮೇಲ ತಿರುಗ್ತಿದ್ದಿಯಲ್ಲ."

ಇನ್ನೇನು ಅಂದುಕೊಂಡಿದ್ದರು ಅಂತ ನಾನು ಕೇಳಲಿಲ್ಲ. ಅಮೇರಿಕಾದವರ ಮೀಟಿಂಗ್ ಅಂತ ಬಂದವರ ಬಾಯಿ ಮುಚ್ಚಿಸುತ್ತಿದ್ದದ್ದು ನನ್ನ ಮರ್ಯಾದೆ ಕಾಯೋಕೋ, ತಮ್ಮ ಭಯ ಮುಚ್ಚೋಕೋ, ಅದೂ ಗೊತ್ತಿಲ್ಲ. ಅವ್ವ ಒಳಗಿನಿಂದ ಕಾಫಿ ತಂದಳು. ಮೂರು ಲೋಟ, ಮೂರೂ ಸ್ಟೀಲ್. ಇದು ಅವತ್ತೇ ಆದ ಕ್ರಾಂತಿಯೇನಲ್ಲ, ಅಜ್ಜಿ ಹೋದ ಮೇಲೆ ಲೋಟ ಬದಲಾಗಿತ್ತು. ಆದರೆ ಕುಡಿದಾದ ಮೇಲೆ ಅವನು ಎದ್ದು ನಲ್ಲಿಯಲ್ಲಿ ತನ್ನ ಲೋಟವನ್ನು ತೊಳೆದಿಟ್ಟ. ಇಷ್ಟು ವರ್ಷ ನಾನದನ್ನು ನೋಡಿಯೂ ನೋಡಿರಲಿಲ್ಲ. ಬಿಡೋ ಅಂದೆ. ಕೈಗೆ ಅಭ್ಯಾಸ ಆಗ್ಬುಟ್ಟದ ಅಂದ.

ಅಲ್ಲಿಂದ ನಾಲ್ಕು ತಿಂಗಳು ನಾನು ಊರಲ್ಲೇ ಇದ್ದೆ. ಬೆಳಿಗ್ಗೆ ಅರ್ಜಿ, ಓದು. ಮಧ್ಯಾಹ್ನದ ಮೇಲೆ ಅವನ ಗಾಡಿ. ಮೂಟೆ ಹೊರೋಕೆ ಹೋಗಿ ಮೊದಲ ದಿನವೇ ಸೊಂಟ ಹಿಡಿಸಿಕೊಂಡೆ, ಹಾಗಾಗಿ ಲೆಕ್ಕ ಬರೆಯೋ ಕೆಲಸ ಕೊಟ್ಟ. ಅವನ ಪ್ರೋತ್ಸಾಹ ಅಂದರೆ ಒಂದೇ ಪ್ರಶ್ನೆ, ದಿನಾ ಸಂಜೆ: "ಇವತ್ತೆಷ್ಟು ಹಾಕ್ದೆ?" ಐದು ಅರ್ಜಿ ಅಂದರೆ ಮೂಟೆ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಐದು ಗೀಟು. ಏನೂ ಹಾಕದ ದಿನ ಏನೂ ಅನ್ನುತ್ತಿರಲಿಲ್ಲ, ಗೀಟು ಹಾಕುತ್ತಿರಲಿಲ್ಲ ಅಷ್ಟೇ. ಒಂದು ಸಲ ಇಂಟರ್‌ವ್ಯೂ ಕೊನೆಯ ಸುತ್ತಿನವರೆಗೂ ಹೋಗಿ ಬಿದ್ದೆ. ಅವತ್ತು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರಕೊಂಡು ಹೋದ. ತಪ್ಪಲಿನಲ್ಲಿ ಬಸ್ಸಿಗೆ ಕಾಯುವಾಗ ನಾನು ಅಳುತ್ತಾ ಇದ್ದರೆ ಅವನು ಕಳ್ಳೇಕಾಯಿ ಸುಲಿದು ಕೈಗೆ ಹಾಕುತ್ತಲೇ ಇದ್ದ. ಸುಲಿಯೋದು ನಿಲ್ಲಿಸಲಿಲ್ಲ. ನಾನು ತಿನ್ನೋದೂ ನಿಲ್ಲಿಸಲಿಲ್ಲ. ಮೇಲೆ ಹೋಗಿ ದೇವರಿಗೆ ಕೈ ಮುಗಿದದ್ದು ಸರಿಯಾಗಿ ನೆನಪಿಲ್ಲ, ಆ ಕಳ್ಳೇಕಾಯಿ ನೆನಪಿದೆ. ಅವನವ್ವನ ಮನೆಯಲ್ಲಿ ಈ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಉಂಡೆ ಅಂತ ಲೆಕ್ಕ ಇಟ್ಟಿಲ್ಲ. ಮೊದಲ ಸಲ ಹೋದಾಗ ಆಯಮ್ಮ ನೀರಿನ ಲೋಟ ಹಿಡಿದುಕೊಂಡು ಮಗನ ಮುಖ ನೋಡಿದರು, ಕೊಡಲೋ ಬೇಡವೋ ಅನ್ನೋ ಹಾಗೆ. ಆ ನೋಟವನ್ನು ಬರೆಯೋಕೆ ನನಗೆ ಬರಲ್ಲ.

ಜನವರಿಯಲ್ಲಿ ಬನದ ಹುಣ್ಣಿಮೆ ಬಂತು. ಚಿಕ್ಕಲ್ಲೂರು ಜಾತ್ರೆಗೆ ಬತ್ತಿಯಾ ಅಂತ ಕೇಳಿದ. ಅವರ ಮನೆಯವರು ಮಂಟೇಸ್ವಾಮಿ, ಸಿದ್ಧಪ್ಪಾಜಿ ಒಕ್ಕಲು. ಅವನಜ್ಜ ನೀಲಗಾರರಾಗಿದ್ದವರು, ತಂಬೂರಿ ಹಿಡಿದು ರಾತ್ರಿಯೆಲ್ಲ ಕಥೆ ಹಾಡುತ್ತಿದ್ದರಂತೆ. ನಮ್ಮದೇ ಜಿಲ್ಲೆಯ ಜಾತ್ರೆ. ಮೂವತ್ತು ದಾಟಿದರೂ ನಾನು ನೋಡಿರಲಿಲ್ಲ. ನಮ್ಮ ಮನೆಯವರು ಮಾದಪ್ಪನ ಬೆಟ್ಟಕ್ಕೆ ಹೋಗುತ್ತಾರೆ, ಚಿಕ್ಕಲ್ಲೂರಿಗೆ ಹೋಗಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಅದೇ ಪಿಕಪ್ಪಿನಲ್ಲಿ ಹೊರಟೆವು. ಹಿಂದೆ ಅವನವ್ವ, ಅಕ್ಕಂದಿರು, ಮಕ್ಕಳು, ಪಾತ್ರೆ, ಸೌದೆ. ಚಾಮರಾಜನಗರ, ಸಂತೇಮರಹಳ್ಳಿ ದಾಟಿ ಯಳಂದೂರು ಹತ್ತಿರ ಬಂದಾಗ ಬಲಕ್ಕೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರು ರಂಗನಾಥನನ್ನು ಭಾವ ಅಂತಾರೆ. ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದ ಅಂತ ಕಥೆ, ಹಾಗಾಗಿ ರಂಗಭಾವ. ದೇವರನ್ನು ತಂದೆ, ಒಡೆಯ, ಗುರು ಅಂದವರು ಬೇಕಾದಷ್ಟಿದ್ದಾರೆ. ಭಾವ ಅಂದರೆ ಲೆಕ್ಕವೇ ಬೇರೆ. ಭಾವನನ್ನು ರೇಗಿಸಬಹುದು, ಬೈಯಬಹುದು, ಊಟಕ್ಕೆ ಬಾ ಅನ್ನಬಹುದು. ಇದನ್ನು ಹೇಳಿದರೆ ಗೆಳೆಯ, "ಭಾವನ ತಾವ ಸಾಲಾನೂ ಕೇಳ್ಬೋದು" ಅಂದ. ಪಿಕಪ್ಪಿನ ಕಂತು ಬಾಕಿ ಇತ್ತು ಅವನಿಗೆ.

ಚಿಕ್ಕಲ್ಲೂರಿನ ಜಾತ್ರೆ ಐದು ದಿನ. ಹುಣ್ಣಿಮೆಯ ರಾತ್ರಿ ಚಂದ್ರಮಂಡಲ ಹಚ್ಚುತ್ತಾರೆ. ನಾವು ಹೋದದ್ದು ಪಂಕ್ತಿಸೇವೆಯ ದಿನಕ್ಕೆ ಸರಿಹೋಗೋ ಹಾಗೆ. ಬಯಲಿನ ತುಂಬ ಬಿಡಾರಗಳು, ಒಲೆಗಳು, ಹೊಗೆ. ಅವರವರು ಅಡುಗೆ ಮಾಡಿಕೊಂಡು ಸಿದ್ಧಪ್ಪಾಜಿಗೆ ಎಡೆ ಇಟ್ಟು, ಆಮೇಲೆ ಯಾವ ಜಾತಿ ಅಂತ ಕೇಳದೆ ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸೋದು. ಅಡುಗೆಯಲ್ಲಿ ಬಾಡೂಟವೂ ಇರುತ್ತೆ. ಪ್ರಾಣಿಬಲಿ ತಡೀತೀವಿ ಅಂತ ಕೆಲವು ವರ್ಷಗಳಿಂದ ಜಿಲ್ಲಾಡಳಿತ ದಾರಿಯಲ್ಲಿ ತಪಾಸಣೆ ಮಾಡುತ್ತೆ. ಇದು ಬಲಿಯಲ್ಲ, ಪಂಕ್ತಿಸೇವೆ, ನಮ್ಮ ಊಟದ ಪದ್ಧತಿ ಅನ್ನೋದು ಒಕ್ಕಲಿನವರ ವಾದ. ಒಂದು ಊಟ ನೋಡೋಕೆ ಇಷ್ಟು ಪೊಲೀಸರು ಬೇಕಾ ಅಂತ ನನಗಂತೂ ಅನ್ನಿಸಿತು.

ಹಿಂದಿನ ರಾತ್ರಿ ಪಕ್ಕದ ಬಿಡಾರದಲ್ಲಿ ನೀಲಗಾರರು ಕಥೆ ಹಾಡುತ್ತಿದ್ದರು. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗೋ ಭಾಗ. ಬಸವಣ್ಣನ ಮನೆಯಲ್ಲಿ ಸಾವಿರಾರು ಜಂಗಮರಿಗೆ ದಿನಾ ದಾಸೋಹ. ಅಲ್ಲಿಗೆ ಮಂಟೇಸ್ವಾಮಿ ಮೈಯೆಲ್ಲ ಗಾಯ, ನಾರುವ ವೇಷದಲ್ಲಿ ಬರುತ್ತಾರೆ. ಬಾಗಿಲಲ್ಲೇ ತಡೆಯುತ್ತಾರೆ, ಒಳಗಿದ್ದವರು ಮೂಗು ಮುಚ್ಚಿಕೊಳ್ಳುತ್ತಾರೆ. ಕೊನೆಗೆ ಬಸವಣ್ಣನಿಗೆ ಮಾತ್ರ ಗುರುತು ಸಿಗುತ್ತೆ. ನಮ್ಮ ನಡುಮನೆಯಲ್ಲಿ ಬಸವಣ್ಣನ ಫೋಟೋ ಇದೆ. ಅನುಭವ ಮಂಟಪದ ಮೇಲೆ ನಾನು ಹೈಸ್ಕೂಲಿನಲ್ಲಿ ಭಾಷಣ ಮಾಡಿ ಪೆನ್ನು ಬಹುಮಾನ ತಗೊಂಡವನು. ಅದೇ ಕಲ್ಯಾಣದ ಬಾಗಿಲ ಹೊರಗೆ ಒಬ್ಬರು ನಿಂತಿದ್ದರು ಅನ್ನೋ ಕಥೆಯನ್ನು, ನನ್ನ ಬೆಂಚಿನಲ್ಲೇ ಕೂತಿದ್ದವನ ಅಜ್ಜ ರಾತ್ರಿಯೆಲ್ಲ ಹಾಡುತ್ತಿದ್ದರು. ಎರಡು ಬೀದಿಯ ನಡುವೆ ಮುನ್ನೂರು ಹೆಜ್ಜೆ ಇರಬಹುದು.

ಗೆಳೆಯ ಕಂಬಳಿ ಹೊದ್ದು ಪಕ್ಕದಲ್ಲಿ ಮಲಗಿದ್ದ. ನಿದ್ದೆ ಹೋಗಿದ್ದಾನೆ ಅಂದುಕೊಂಡಿದ್ದೆ. "ನಿಮ್ಮಜ್ಜಿ ಇದ್ದಿದ್ರ ಮಂಟೇದಸ್ವಾಮಿಗೂ ಸೂರಿನ ಲೋಟದಲ್ಲೇ ಕಾಫಿ ಕೊಡೋಳು ಕನ್ಲಾ" ಅಂದ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಲೋಟದ ಮಾತು. ಇಬ್ಬರಿಗೂ ನಗು ತಡೆಯಲಿಲ್ಲ. ಕಥೆ ಕೇಳುತ್ತಿದ್ದ ಯಾರೋ ಮುದುಕರು ತಿರುಗಿ ಬೈದರು. ಮತ್ತೂ ನಗು ಬಂತು. ನಗುತ್ತಲೇ, "ತಪ್ಪಾಯ್ತು ಕಣೋ" ಅಂದೆ. ಅವನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಸುಮಾರು ಹೊತ್ತಾದ ಮೇಲೆ ಒಳಗಿನಿಂದ, "ಬಿಸ್ಕತ್ ಚೆನ್ನಾಗಿದ್ದೋ ಬುಡು" ಅಂದ.

ಮುಕ್ತಿ ಅನ್ನೋ ಪದವನ್ನು ನಾನು ಸತ್ತ ಮೇಲಿನ ವಿಷಯ ಅಂತಲೇ ತಿಳಿದಿದ್ದೆ. ಆ ರಾತ್ರಿ ಎದೆಯ ಮೇಲಿಂದ ಏನೋ ಇಳಿಯಿತಲ್ಲ, ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಕೆಲಸ ಆಗಿನ್ನೂ ಸಿಕ್ಕಿರಲಿಲ್ಲ.

ಮಾರನೇ ದಿನ ಪಂಕ್ತಿಯಲ್ಲಿ ಕೂತೆ. ಎಡಕ್ಕೆ ಗೆಳೆಯ, ಬಲಕ್ಕೆ ಮಳವಳ್ಳಿ ಕಡೆಯಿಂದ ಬಂದಿದ್ದ ಒಬ್ಬರು ಅಜ್ಜ. ಯಾವೂರು ಅಂತ ಕೇಳಿದರು, ಯಾರ ಪೈಕಿ ಅಂತ ಕೇಳಲಿಲ್ಲ. ನಮ್ಮ ಕಡೆ ಈ ಎರಡನೇ ಪ್ರಶ್ನೆ ಇಲ್ಲದ ಊಟ ಕಡಿಮೆ. ಅವನವ್ವ ಮುದ್ದೆ ಬಡಿಸುತ್ತಾ ಬಂದರು. ನನ್ನ ಎಲೆಯ ಹತ್ತಿರ ಬಂದಾಗ ಸಾರಿನ ಸೌಟು ಎತ್ತಿ, "ಕಾಳಿಂದು ಬ್ಯಾರೆ ಮಾಡಿವ್ನಿ ಮಗ, ಅದನ್ನೇ ಬುಡ್ಲಾ?" ಅಂತ ಕೇಳಿದರು. ಇಷ್ಟು ಜನಕ್ಕೆ ಅಡುಗೆ ಮಾಡುವಾಗ ನನಗೊಬ್ಬನಿಗೆ ಅಂತ ಇನ್ನೊಂದು ಪಾತ್ರೆ ಇಟ್ಟಿದ್ದರು. ನಮ್ಮ ಮನೆಯಲ್ಲೂ ಅವರ ಮಗನಿಗೆ ಅಂತ ಒಂದು ಪಾತ್ರೆ ಬೇರೆ ಇತ್ತು. ಎರಡೂ ಬೇರೆ ಪಾತ್ರೆಗಳೇ. ನಾನು ತಲೆ ತಗ್ಗಿಸಿ, ಎಲ್ಲರಿಗೂ ಹಾಕಿದ್ದೇ ಹಾಕಿ ಅವ್ವಾ ಅಂದೆ.

ಊರಿಗೆ ಬಂದ ಮೇಲೆ ನಮ್ಮವ್ವ ಎಲ್ಲಿಗೆ ಹೋಗಿದ್ದಪ್ಪ ಅಂತ ಕೇಳಿದಳು. ಚಿಕ್ಕಲ್ಲೂರು ಅಂದೆ. ಪಂಕ್ತಿಯಲ್ಲಿ ಉಂಡೆ ಅಂತಲೂ ಅಂದೆ. ಅವ್ವ ಬಹಳ ಹೊತ್ತು ಹೂ ಕಟ್ಟುತ್ತಾ ಕೂತಿದ್ದಳು. ಆಮೇಲೆ, "ಜನ ಜಾಸ್ತಿ ಇದ್ರಾ?" ಅಂತ ಮಾತ್ರ ಕೇಳಿದಳು. ಅಪ್ಪನಿಗೆ ಅವಳು ಹೇಳಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮಾರನೇ ವಾರ ಗೆಳೆಯ ಬಂದಾಗ ಒಳಗೆ ಬಾರೋ ಅಂತ ನಾನು ಕೈ ಹಿಡಿದು ಎಳೆದೆ. "ಇಲ್ಲೇ ಗಾಳಿ ಚೆನ್ನಾಗದ" ಅಂದ. ಕೂರಲಿ ಬಿಡು ಅಂತ ನಾನೂ ಜಗಲಿ ಮೇಲೇ ಕೂತೆ. ಅವ್ವ ಎರಡು ತಟ್ಟೆ ಉಪ್ಪಿಟ್ಟು ಅಲ್ಲಿಗೇ ತಂದುಕೊಟ್ಟಳು. ಖಾಲಿ ತಟ್ಟೆಗಳನ್ನು ಅವನು ಏಳೋಕೆ ಮೊದಲೇ ಬಂದು ಎತ್ತಿಕೊಂಡು ಹೋದಳು. ಅದನ್ನು ಬೇಕಂತಲೇ ಮಾಡಿದಳೋ, ಹಾಗೇ ಆಯಿತೋ.

ಮಾರ್ಚಿನಲ್ಲಿ ನನಗೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಮ್ಮಿ ಸಂಬಳಕ್ಕೆ. ಆಫರ್ ಲೆಟರ್ ಬಂದ ದಿನ ಅವನು ಗೀಟುಗಳನ್ನೆಲ್ಲ ಎಣಿಸಿ ಇನ್ನೂರ ಹದಿನಾಲ್ಕು ಅಂದ. ಆ ಹಾಳೆಯನ್ನು ಹರಿದು ಕೊಡು ಅಂತ ಕೇಳಿದೆ. ಅದರ ಹಿಂದೆ ಯಾರದೋ ಬಾಕಿ ಲೆಕ್ಕ ಇದೆ, ಕೊಡಲ್ಲ ಅಂದ.

ಈಗ ಬೆಂಗಳೂರಿನಲ್ಲಿದ್ದೀನಿ. ರಾತ್ರಿ ಒಂಬತ್ತರ ಹತ್ತಿರ ಫೋನ್ ಬಂದರೆ ಅವನಿಗೆ ಗೇಟ್ ತಪ್ಪಿದೆ ಅಂತ ಗೊತ್ತಾಗುತ್ತೆ. ವಾರದಲ್ಲಿ ಒಂದು ಸಲವಾದರೂ ತಪ್ಪುತ್ತೆ. ಇಷ್ಟು ವರ್ಷ ಇದೇ ರೂಟಿನಲ್ಲಿ ಓಡಾಡೋನಿಗೆ ಟೈಮ್ ಗೊತ್ತಾಗಲ್ವಾ ಅಂತ ಬೈಯುತ್ತೀನಿ. ಮೊನ್ನೆಯೂ ಬಂತು. ಹಿಂದೆ ಮಳೆಯ ಸದ್ದು, ಯಾವುದೋ ಲಾರಿಯ ಹಾಡು.

"ಗೇಟ್ ಬಿತ್ತು ಮಗಾ. ಉಂಡಾ?"

ಇನ್ನೂ ಇಲ್ಲ ಅಂದೆ.

"ತಟ್ಟೆ ಹಾಕ್ಕ ಕುಂತ್ಕ. ನಾನೂ ಡಬ್ಬಿ ತಗೀತೀನಿ."